ಮೀನಿಗೊಂದು ನೇರಳೆ ಬೇರು

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಈಶ್ವರಯ್ಯ ಪಟಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದ. ದೇವರ ಪಟ, ಮಹಾರಾಜರ ಪಟ, ಮದುವೆ ಫೋಟೋ, ತೀರಿಕೊಂಡವರ ಫೋಟೋ, ಯಾವುದು ಬಂದರೂ ಅಳತೆಗೆ ಗಾಜು ಕೊಯ್ದು ಚೌಕಟ್ಟು ಕೂರಿಸಿ ಕೊಡುತ್ತಿದ್ದ. ಅಂಗಡಿಯ ಹಿಂದೆಯೇ ವಾಸ. ಮನೆಯಲ್ಲಿ ಅವನ ತಾಯಿ ಗುರುಸಿದ್ದಮ್ಮ, ಹೆಂಡತಿ ಗಂಗಾಂಬಿಕೆ, ಮಗಳು ಕಮಲಾಕ್ಷಿ.

ಕಮಲಾಕ್ಷಿ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ವಯಸ್ಸಿನಲ್ಲಿ ಅವಳಿಗೊಂದು ಜ್ವರ ಬಂತು. ಜ್ವರ ಬಿಟ್ಟಿತು, ಆದರೆ ಎರಡೂ ಕಾಲುಗಳ ಶಕ್ತಿಯನ್ನು ತನ್ನ ಜೊತೆಗೇ ಕೊಂಡೊಯ್ದಿತು. ಹಾಸನದಲ್ಲಿ ಡಾಕ್ಟರಿಗೆ ತೋರಿಸಿದರು. ಅರಕಲಗೂಡಿನ ಪಂಡಿತರಿಂದ ಎಣ್ಣೆ ತಂದು ತಿಂಗಳುಗಟ್ಟಲೆ ತಿಕ್ಕಿದರು. ಕಾಲು ಏಳಲಿಲ್ಲ. ಅಂದಿನಿಂದ ಅವಳ ಲೋಕವೆಂದರೆ ನಡುಮನೆಯ ಕಿಟಕಿ ಪಕ್ಕದ ಮಂಚ, ಕಿಟಕಿಯಾಚೆ ಪಕ್ಕದ ಮನೆಯ ಮಣ್ಣಿನ ಗೋಡೆ. ಗೋಡೆಯ ಮೇಲೆ ಬಿಸಿಲು ಎಲ್ಲಿಗೆ ಬಂತು ಎಂಬುದನ್ನು ನೋಡಿ ಹೊತ್ತು ಹೇಳುವುದನ್ನು ಅವಳು ಕಲಿತಳು.

ಗಂಗಾಂಬಿಕೆಯ ತವರು ಕಾವೇರಿ ದಂಡೆಯ ರಾಮನಾಥಪುರ. ಅಲ್ಲಿ ದೇವರ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ, ಬಂದವರು ಪುರಿ ಎರಚುತ್ತಾರೆ, ಮೀನುಗಳು ಕಾಲ ಬಳಿಗೇ ಬಂದು ಬಾಯಿ ತೆರೆಯುತ್ತವೆ. ಮಗಳಿಗೆ ಅನ್ನ ಕಲಸಿ ತಿನ್ನಿಸುವಾಗೆಲ್ಲ ಅವಳು ಆ ಮೀನುಗಳ ಕತೆ ಹೇಳುತ್ತಿದ್ದಳು.

"ಮೀನು ಕಣ್ಣು ಮುಚ್ತವಾ ಅವ್ವಾ?"

"ಮುಚ್ಚಾಕಿಲ್ಲ ಕಣ್ ಮಗಾ. ರೆಪ್ಪೆನೇ ಇಲ್ಲ ಅವಕ್ಕೆ."

"ಮತ್ತೆ ನಿದ್ದೆ ಎಂಗೆ ಮಾಡ್ತವೆ?"

"ಅದನ್ನ ನೀನೇ ನೋಡ್ಬೇಕು. ನಂಗೇನ್ ಗೊತ್ತು?"

ಈ ಮಾತು ಅಂಗಡಿಯಲ್ಲಿ ಕೂತಿದ್ದ ಈಶ್ವರಯ್ಯನ ಕಿವಿಗೆ ಬಿತ್ತು. ಆ ವರ್ಷ ದಸರೆಯ ಹೊತ್ತಿಗೆ ಗಾಜು ಕೊಳ್ಳಲು ರೈಲು ಹತ್ತಿ ಮೈಸೂರಿಗೆ ಹೋದವನು ವಸ್ತುಪ್ರದರ್ಶನದಲ್ಲಿ ಒಂದು ಗಾಜಿನ ತೊಟ್ಟಿ ನೋಡಿದ. ಒಳಗೆ ಬಣ್ಣದ ಮೀನು, ಮರಳು, ನಡುವೆ ಕೊಂಬೆಕೊಂಬೆಯಾಗಿ ಚಾಚಿಕೊಂಡ ಒಂದು ಕೊರಡು. ಮೀನುಗಳು ಕೊರಡಿನ ಸಂದಿಯಲ್ಲಿ ನುಸುಳಿ ಹೋಗಿ ಇನ್ನೊಂದು ಕಡೆ ಇಣುಕುತ್ತಿದ್ದವು. ಜನ ಹಿಂದಿನಿಂದ ತಳ್ಳುವ ತನಕ ಅವನು ಅಲ್ಲಿಂದ ಕದಲಲಿಲ್ಲ.

ಊರಿಗೆ ಬಂದವನೇ ದಪ್ಪ ಗಾಜು ಕೊಯ್ದ. ಕಬ್ಬಿಣದ ಪಟ್ಟಿಯ ಚೌಕಟ್ಟು ಮಾಡಿಸಿದ. ಸಂದಿಗೆ ಗಾಜು ಕೂರಿಸುವ ಅಂಟುಮೇಣ ಲಪ್ಪ ಮೆತ್ತಿ ಒಣಗಿಸಿದ. ನೀರು ತುಂಬಿಸಿದರೆ ಒಂದು ಮೂಲೆಯಲ್ಲಿ ಸೋರಿತು. ಬಿಚ್ಚಿ ಮತ್ತೆ ಮೆತ್ತಿದ. ಕಡೆಗೂ ನೀರು ನಿಂತಿತು.

ಗುರುಸಿದ್ದಮ್ಮ ಸೆರಗನ್ನು ಮೂಗಿಗೆ ಹಿಡಿದುಕೊಂಡು ಬಂದು ನೋಡಿದಳು. "ಲಿಂಗಪೂಜೆ ಮಾಡೋ ಮನೇಲಿ ಮೀನು ತಂದಿಡ್ತೀಯಾ? ಇವತ್ತು ಮೀನು, ನಾಳೆ ಕೋಳಿ."

"ತಿನ್ನಾಕಲ್ಲ ಕಣವ್ವಾ, ನೋಡಾಕೆ."

"ನೋಡಾಕೆ ಒಳೆ ಇಲ್ವಾ?"

ಈಶ್ವರಯ್ಯ ಮಂಚದ ಕಡೆ ನೋಡಿದ. ಮುದುಕಿ ಸೆರಗು ಇಳಿಸಿ ಒಳಗೆ ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ.

ಬೆಸ್ತರ ಕೇರಿಯವರು ಹೇಮಾವತಿಯಿಂದ ಬೆರಳುದ್ದದ ಸಸಲು ಮೀನುಗಳನ್ನು ಮಡಕೆಯಲ್ಲಿ ಜೀವಂತ ತಂದುಕೊಟ್ಟರು. ಕೊರಡನ್ನು ಈಶ್ವರಯ್ಯ ತಾನೇ ಹುಡುಕಿದ. ಹೊಳೆಯಂಚಿನಲ್ಲಿ ಬಿದ್ದಿದ್ದ ಜಿಂಕೆ ಕೊಂಬಿನಂಥ ಚೆಲುವಾದ ಒಂದು ತುಂಡು. ಚೌಕಟ್ಟಿನ ಕೆಲಸ ಮಾಡಿ ರೂಢಿಯಾದ ಕೈ ಸುಮ್ಮನಿರಬೇಕಲ್ಲ, ಅದನ್ನು ಉಜ್ಜಿ, ನಯ ಮಾಡಿ, ಅರಗಿನ ಪಾಲೀಶು ಹೊಡೆದು ಮಿರಮಿರ ಮಿಂಚುವಂತೆ ಮಾಡಿ ನೀರಿಗಿಟ್ಟ. ಕಮಲಾಕ್ಷಿ ಚಪ್ಪಾಳೆ ತಟ್ಟಿದಳು. ಮಧ್ಯಾಹ್ನದ ಹೊತ್ತಿಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಸಂಜೆ ಒಂದೊಂದಾಗಿ ಮಗುಚಿಕೊಂಡವು. ಹುಡುಗಿ ಅಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು.

"ಹೊಳಪು ಬರ್ಲಿ ಅಂತ ಮಾಡ್ದೆ ಕಣೇ," ಎಂದ ಈಶ್ವರಯ್ಯ ಹೆಂಡತಿಯ ಮುಂದೆ. ಅವನ ಕಣ್ಣು ಕೆಂಪಾಗಿತ್ತು.

"ಪಟಕ್ಕೆ ಉಸುರಿಲ್ಲ, ಹೊಳಪು ನಡೀತದೆ," ಎಂದಳು ಗಂಗಾಂಬಿಕೆ. "ಇವು ಆ ನೀರನ್ನೇ ಕುಡ್ದು ಆ ನೀರಲ್ಲೇ ಉಸುರಾಡ್ಬೇಕು. ಏನೂ ಬಳೀಬಾರ್ದು. ಮರಾನೂ ಎಲ್ಲಾ ಮರ ಆಗಾಕಿಲ್ಲ. ನಮ್ಮೂರ ಕಡೆ ಕಾರೆಕಾಯಿ ಜಜ್ಜಿ ಅಳ್ಳದ ನೀರಿಗಾಕಿ ಮೀನಿಗೆ ಮತ್ತು ಬರಿಸ್ತಾರೆ, ನೋಡಿಲ್ವಾ? ನಾಳೆ ನಾವೇ ಓಗಾನ. ಕೂಸ್ನೂ ಎತ್ಕಳಿ. ಅದ್ರ ಮೀನು, ಅದೇ ಆರಿಸ್ಲಿ."

ಹಾಗೆ ಮೂವರೂ ಹೊಳೆಗೆ ಹೋದರು. ಮಳೆಗಾಲದ ಪ್ರವಾಹ ಇಳಿದು, ದಡದ ತುಂಬ ಮೇಲಿನ ಕಾಡು, ತೋಟಗಳಿಂದ ತೇಲಿಬಂದ ಬೇರು ಬೊಡ್ಡೆಗಳು ಸಿಕ್ಕಿಕೊಂಡಿದ್ದವು. ಕಮಲಾಕ್ಷಿಯನ್ನು ಒಂದು ಬಂಡೆಯ ಮೇಲೆ ಕಂಬಳಿ ಹಾಸಿ ಕೂರಿಸಿದರು. ಈಶ್ವರಯ್ಯ ಒಂದೊಂದನ್ನೇ ಎತ್ತಿ ತರುವುದು, ಹುಡುಗಿ ನೋಡುವುದು, ಗಂಗಾಂಬಿಕೆ ಪರೀಕ್ಷೆ ಮಾಡುವುದು. ಒಂದು ಕೊರಡಿಗೆ ಉಗುರು ಒತ್ತಿದರೆ ಮೆತ್ತಗೆ ಒಳಗೇ ಹೋಯಿತು. "ಲಡ್ಡು ಹಿಡ್ದದೆ, ನೀರಲ್ಲಿ ಕೊಳೀತದೆ, ಬ್ಯಾಡ." ಇನ್ನೊಂದು ಹಸಿ, ಮುರಿದ ಕಡೆ ಹಾಲು ಜಿನುಗುತ್ತಿತ್ತು. ಅದೂ ಬೇಡ. ಮತ್ತೊಂದರಲ್ಲಿ ಅಂಟು ಇತ್ತು. ಇನ್ನೊಂದು ಯಾವುದೋ ಗಾಡಿಯ ಮರ, ಒಳಗೆ ತುಕ್ಕು ಹಿಡಿದ ಮೊಳೆ. ಒಂದು ತುಂಡು ಹುಡುಗಿಗೆ ಬಹಳ ಹಿಡಿಸಿತು. ಗಂಗಾಂಬಿಕೆ ಅದನ್ನು ಮೂಸಿದಳು, ಚೂರು ಕೆರೆದಳು, ನಾಲಿಗೆಯ ತುದಿಗೆ ತಾಗಿಸಿ ಥೂ ಎಂದು ಉಗಿದಳು.

"ಏನ್ ಮಾಡ್ತಿದೀಯೇ? ವಿಷಗಿಷ ಇದ್ರೆ?" ಎಂದು ಈಶ್ವರಯ್ಯ ಕೈ ಹಿಡಿದುಕೊಂಡ.

"ವಿಷ ಇದ್ರೆ ಕಹಿ ಗೊತ್ತಾಯ್ತದೆ. ಮೀನು ನೆಕ್ಕಿ ಸಾಯೋಕಿಂತ ನಾನು ನೆಕ್ಕಿ ಉಗಿಯೋದು ವಾಸಿ," ಎಂದು ಅವಳು ನಕ್ಕು ಹೊಳೆಯ ನೀರಿನಲ್ಲಿ ಬಾಯಿ ಮುಕ್ಕಳಿಸಿದಳು. "ಹೊಂಗೆ ಇರ್ಬೇಕು. ಬ್ಯಾಡ ಮಗಾ. ಇನ್ನೊಂದು ನೋಡಾನ."

ಹೊತ್ತು ಇಳಿಯುವಾಗ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿದ್ದ ಒಂದು ನೇರಳೆ ಬೇರನ್ನು ಕಮಲಾಕ್ಷಿಯೇ ಕಂಡಳು. ಎಷ್ಟು ವರ್ಷದಿಂದ ನೀರು ಅದನ್ನು ತೊಳೆದಿತ್ತೋ, ಸಿಪ್ಪೆ ಇರಲಿಲ್ಲ, ವಾಸನೆ ಇರಲಿಲ್ಲ, ಉಗುರು ಇಳಿಯಲಿಲ್ಲ. ಮಡುವಿಗೆ ಹಾಕಿದರೆ ಕಲ್ಲಿನಂತೆ ಮುಳುಗಿತು. ಐದು ಬೆರಳು ಅಗಲಿಸಿ ಊರಿದ ಕೈಯ ಹಾಗಿತ್ತು. ಗಂಗಾಂಬಿಕೆ ಅದನ್ನೂ ನೆಕ್ಕಿ ನೋಡಿ ತಲೆಯಾಡಿಸಿದಳು. "ಸ್ವಲ್ಪ ಒಗರು. ಕುದಿಸಿದ್ರೆ ಓಯ್ತದೆ."

ಬಚ್ಚಲಿನ ಹಂಡೆಯಲ್ಲಿ ಬೇರನ್ನು ಬೇಯಿಸಿದರು. ನೀರು ಕಷಾಯದಂತೆ ಕೆಂಪಗಾಯಿತು. ಚೆಲ್ಲಿ ಮತ್ತೆ ಬೇಯಿಸಿದರು. ಆಮೇಲೆ ಹಿತ್ತಲ ಬಾನಿಯಲ್ಲಿ ನೆನೆಹಾಕಿ ದಿನವೂ ನೀರು ಬದಲಾಯಿಸಿದರು. ಬೆಳಗಾದರೆ ಕಮಲಾಕ್ಷಿ ಕೇಳುವಳು, "ಅವ್ವಾ, ಇವತ್ತು ಬಣ್ಣ ಬಿಟ್ಟದಾ?" ಗಂಗಾಂಬಿಕೆ ಒಂದು ಲೋಟದಲ್ಲಿ ಆ ನೀರು ಹಿಡಿದು ತಂದು ಬೆಳಕಿಗೆ ತೋರಿಸುವಳು. ನೀರು ತಿಳಿಯಾಗುವ ಹೊತ್ತಿಗೆ ಕಾರ್ತಿಕ ಮುಗಿದಿತ್ತು. ಬೇರು ತೊಟ್ಟಿಗೆ ಬಂತು, ಮೀನುಗಳು ಬಂದವು. ಈ ಸಲ ಒಂದೂ ಸಾಯಲಿಲ್ಲ.

ಆ ಚಳಿಗಾಲದಷ್ಟು ಸುಖದ ಕಾಲ ಆ ಮನೆಗೆ ಮತ್ತೆ ಬರಲಿಲ್ಲ. ಕಮಲಾಕ್ಷಿ ಒಂದೊಂದು ಮೀನಿಗೂ ಹೆಸರಿಟ್ಟಳು. ಮೀನು ಬೇರಿನ ಸಂದಿಯಲ್ಲಿ ಅಲುಗಾಡದೆ ನಿಂತು ನಿದ್ದೆ ಮಾಡುತ್ತದೆಂದು ಕಂಡುಹಿಡಿದು ತಾಯಿಗೆ ಹೇಳಿದಳು. ಪಟ ಕೊಡಲು ಬಂದವರು ಒಳಗೆ ಬಂದು ನೋಡಿ ಹೋಗುತ್ತಿದ್ದರು. ಗುರುಸಿದ್ದಮ್ಮ ಕೂಡ ಯಾರೂ ಇಲ್ಲದಾಗ ಅಕ್ಕಿಹಿಟ್ಟು ಚಿಟಿಕೆ ಹಾಕಿ, "ತಿನ್ನಿ, ತಿನ್ನಿ, ದರಿದ್ರವೇ," ಎನ್ನುವಳು.

ಮಾಘದಲ್ಲಿ ಧಾನ್ಯದ ಮಂಡಿಯ ಕಡೆ ಇಲಿ ಬಿತ್ತು.

ಪ್ಲೇಗು ಎಂದರೇನೆಂದು ಊರಿಗೆ ಹೇಳಿಕೊಡಬೇಕಾಗಿರಲಿಲ್ಲ. ಪುರಸಭೆಯವರು ಡಂಗುರ ಸಾರಿಸಿದರು. ಜನ ಪಾತ್ರೆ ಪಡಗ ಗಾಡಿಗೇರಿಸಿಕೊಂಡು ಹಾಸನದ ರಸ್ತೆಯ ಆಚೆ ಹೊಲಗಳಲ್ಲಿ ಜೋಪಡಿ ಹಾಕಿಕೊಳ್ಳತೊಡಗಿದರು. ಈಶ್ವರಯ್ಯನ ಬೀದಿ ಖಾಲಿಯಾಗುವುದಕ್ಕೆ ಒಂದು ಬೆಳಗ್ಗೆ ಸಾಕಾಯಿತು. ಗಾಡಿಯಲ್ಲಿ ಹಾಸಿಗೆ, ದವಸ, ಕೊಡಬೇಕಿದ್ದ ಪಟಗಳು, ಮುದುಕಿ, ಮಗಳು. ತೊಟ್ಟಿ ಎತ್ತಿದರೆ ಲಪ್ಪ ಬಿರಿಯುತ್ತಿತ್ತು.

"ಮೀನು?" ಎಂದಳು ಕಮಲಾಕ್ಷಿ.

"ನಾಳೆ ಮಡಕೆ ತಗಂಡು ಬಂದು ನಾನೇ ತತ್ತೀನಿ ಕಣವ್ವಾ," ಎಂದ ಈಶ್ವರಯ್ಯ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಮರುದಿನ ಅವನು ಹೋದಾಗ ಬೀದಿಯ ಬಾಯಲ್ಲಿ ಕಾವಲು ಕೂತಿತ್ತು. ಒಳಗೆ ಬಿಡಲಿಲ್ಲ.

ಹೊಲದಲ್ಲಿ ಪ್ಲೇಗು ತಗಲದಂತೆ ಒಬ್ಬೊಬ್ಬರಿಗೂ ಸೂಜಿ ಚುಚ್ಚತೊಡಗಿದರು. ಕಮಲಾಕ್ಷಿಗೆ ಅದರಿಂದ ಜ್ವರ ಬಂತು. ಇಬ್ಬರೂ ಮಲಗಿದರೆ ಕೂಸನ್ನು ನೋಡುವವರು ಯಾರೆಂದು ಗಂಗಾಂಬಿಕೆ ಮುಂದಿನ ಸಲ ಚುಚ್ಚಿಸಿಕೊಳ್ಳುತ್ತೇನೆಂದು ಹಿಂದೆ ಸರಿದಳು. ಜ್ವರದಲ್ಲಿ ಹುಡುಗಿಗೆ ಒಂದೇ ಜಪ. "ಮೀನು ಹಸ್ಕಂಡಿರ್ತವೆ. ಅವಕ್ಕೆ ಹಿಟ್ಟು ಯಾರ್ ಆಕ್ತಾರೆ? ಅವ್ವಾ, ಅವು ಸತ್ತೋಗಿರ್ತವಾ?"

ಈಶ್ವರಯ್ಯ ಒಪ್ಪಿಕೊಂಡಿದ್ದ ಪಟಗಳನ್ನು ಕೊಟ್ಟುಬರಲು ಚನ್ನರಾಯಪಟ್ಟಣಕ್ಕೆ ಹೋದ ದಿನ ಗಂಗಾಂಬಿಕೆ ಹಿತ್ತಲ ಓಣಿಯಿಂದ ಊರೊಳಗೆ ಹೋಗಿಬಂದಳು. ಮಗಳ ಕಿವಿಯಲ್ಲಿ ಹೇಳಿದಳು, "ಎಲ್ಲಾ ಬದುಕವೆ. ಹಿಟ್ಟು ಆಕಿದ ತಕ್ಷಣ ಎಂಗೆ ಬಂದ್ವು ಅಂತೀಯಾ!" ಹುಡುಗಿ ಆ ದಿನ ಗಂಜಿ ಕುಡಿದಳು. ಅವಳ ಜ್ವರವೂ ಇಳಿಯಿತು. ವಾರವಾಗುವಷ್ಟರಲ್ಲಿ ಗಂಗಾಂಬಿಕೆ ಮತ್ತೊಮ್ಮೆ ಹೋದಳು. ಈ ಸಲ ಮೀನುಗಳನ್ನೇ ತಂದುಬಿಡೋಣವೆಂದು ಮಡಕೆ ಒಯ್ದಿದ್ದಳು. ಬರಿಗೈಯಲ್ಲಿ ಬಂದಳು. ಕಾವಲಿನವರು ಬಾಗಿಲ ಸದ್ದು ಕೇಳಿ ಕೂಗಿದ್ದರು.

ಗಂಡನಿಗೆ ಅವಳು ಮುಚ್ಚಿಡಲಿಲ್ಲ. ಅದೇ ಸಂಜೆ ಒಲೆ ಹೊತ್ತಿಸುತ್ತ ತಾನಾಗಿಯೇ ಹೇಳಿದಳು.

"ಬಯ್ಯಬ್ಯಾಡಿ. ಮನೆತಾವ ಎರಡು ಸಲ ಓಗಿದ್ದೆ."

ಈಶ್ವರಯ್ಯ ಕೈಯಲ್ಲಿದ್ದ ಸೌದೆ ಹಾಗೇ ಹಿಡಿದು ನಿಂತ. "ಒಳಗೆ ಓದ್ಯಾ?"

"ಮೊದಲ್ನೇ ಸಲ ಮೀನಿಗೆ ಹಿಟ್ಟು ಆಕ್ಬುಟ್ಟು ಬಂದೆ. ಒಳಗೇನಿತ್ತು... ಅಡಿಗೆಮನೇಲಿ ಒಂದು ಇಲಿ ಬಿದ್ದಿತ್ತು. ಎತ್ತಿ ಆಚೆಗೆಸೆದೆ."

"ಕೈಯಲ್ಲಾ?"

"ಬಟ್ಟೇಲಿ ಇಡ್ಕಂಡು." ಅವಳು ಅವನ ಮುಖ ನೋಡಿದಳು. ನೋಡಿದ ಮೇಲೆ ಅವಳಿಗೂ ಅರ್ಥವಾಯಿತು. "ಕೈ ತೊಳ್ಕಂಡೆ ಕಣ್ರೀ," ಎಂದಳು ಸಣ್ಣ ದನಿಯಲ್ಲಿ, ತಪ್ಪು ಮಾಡಿದ ಮಗುವಿನ ಹಾಗೆ.

ಅವನು ಬಯ್ಯಲಿಲ್ಲ. ಬಿಸಿನೀರು ಕಾಯಿಸಿ ಅವಳಿಗೆ ಸ್ನಾನ ಮಾಡಿಸಿದ. ಅವಳು ಉಟ್ಟಿದ್ದ ಸೀರೆಯನ್ನು ಸುಟ್ಟುಹಾಕಿದ. ಬೆಳಗಾದರೆ ಸೂಜಿಯವರನ್ನು ಕರೆತರುತ್ತೇನೆಂದ. ಕರೆತಂದ ಕೂಡ. ಆದರೆ ಅಷ್ಟರೊಳಗೆ ಅವಳ ಮೈ ಕಾದಿತ್ತು. ಬಂದವರು ತೊಡೆಯ ಸಂದಿನಲ್ಲಿ ಎದ್ದಿದ್ದ ಗಡ್ಡೆ ಮುಟ್ಟಿ ನೋಡಿ, ಸೂಜಿಯನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಂಡು, ಹೊಲದ ಅಂಚಿನ ಬೇರೆ ಜೋಪಡಿಗೆ ಸಾಗಿಸಲು ಹೇಳಿದರು.

ಆ ಜೋಪಡಿಗೆ ಈಶ್ವರಯ್ಯನೊಬ್ಬನೇ ಹೋಗುತ್ತಿದ್ದ. ಗಂಗಾಂಬಿಕೆ ಜ್ವರದ ಮಂಪರಿನಲ್ಲಿ ತನ್ನೂರಿನ ಹೊಳೆ, ಮೆಟ್ಟಿಲು, ಯಾರುಯಾರದೋ ಹೆಸರು ಹೇಳುತ್ತಿದ್ದಳು. ಒಮ್ಮೆ ಮಾತ್ರ ನಿಚ್ಚಳವಾಗಿ ಅವನನ್ನು ನೋಡಿದಳು.

"ಕೂಸಿಗೆ ಏನಂತ ಏಳ್ತೀರಿ?"

"ನೀನೇ ಬಂದು ಏಳೀವಂತೆ, ಸುಮ್ಕಿರು."

"ಮೀನಿನ ಮಾತು ಎತ್ಬ್ಯಾಡಿ. ಚಳಿಜ್ವರ ಅನ್ನಿ." ಅವಳು ಅವನ ಕೈ ಹುಡುಕಿದಳು. "ಅದು ಕೇಳ್ತು ಅಂತ ಓಗ್ಲಿಲ್ಲ ಕಣ್ರೀ. ನನ್ ಮನಸ್ಸೇ ತಡೀಲಿಲ್ಲ."

ಮರುದಿನ ಅವಳು ಹೋದಳು. ಮಠದ ಅಯ್ನೋರು ದೂರ ನಿಂತೇ ವಿಭೂತಿ ಕೊಟ್ಟರು. ಹೊರುವುದಕ್ಕೆ ನೆಂಟರು ಬರಲಿಲ್ಲ. ಪಕ್ಕದ ಜೋಪಡಿಯ ಷಡಕ್ಷರಿ ಎಂಬಾತ, ಅವರಿಗೆ ಹಿಂದೆಮುಂದೆ ಪರಿಚಯವೇ ಇಲ್ಲದವನು, ಒಂದು ಕಡೆ ಹೆಗಲು ಕೊಟ್ಟ, ಹಿಂದಿನ ಕಡೆಗೆ ಪುರಸಭೆಯ ಆಳುಗಳಿಬ್ಬರು ಬಂದರು. ಕಮಲಾಕ್ಷಿ ತಾಯಿಯ ಮುಖ ನೋಡಲಿಲ್ಲ. ಜೋಪಡಿಯ ತಡಿಕೆಯ ಸಂದಿಯಿಂದ, ಹೊಲದಾಚೆ ನಾಲ್ಕು ಜನ ಏನನ್ನೋ ಹೊತ್ತುಕೊಂಡು ಹೋಗುವುದು ಅವಳಿಗೆ ಕಂಡಿತು. "ಯಾರಜ್ಜಿ ಅದು?" ಎಂದು ಕೇಳಿದಳು. ಗುರುಸಿದ್ದಮ್ಮ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ತಾನೂ ಬಾಯಿಗೆ ಸೆರಗು ತುರುಕಿಕೊಂಡಳು.

ಹೇಳಬೇಕಾದದ್ದನ್ನು ಈಶ್ವರಯ್ಯನೇ ಹೇಳಿದ. ಚಳಿಜ್ವರ ಎಂದ. ಹುಡುಗಿ ತಡಿಕೆಯ ಸಂದಿಯತ್ತ ತಿರುಗಿದಳು. ಆಮೇಲೆ ಕೇಳಿದಳು, "ಅವ್ವ ಮನೆಗೆ ಓಗಿದ್ದಕ್ಕಾ?"

"ಅಲ್ಲ ಕಣವ್ವಾ."

ಅವಳು ನಂಬಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಯುಗಾದಿ ಕಳೆದು, ಬಿಸಿಲು ಬಲಿತು, ಊರಲ್ಲಿ ಇಲಿ ಬೀಳುವುದು ನಿಂತಿತು. ಮೊದಲು ಈಶ್ವರಯ್ಯ ಒಬ್ಬನೇ ಮನೆ ಗುಡಿಸಲು ಹೋದ. ಪುರಸಭೆಯವರು ಮನೆಯೊಳಗೆ ಬಿಸಿಲು ಬೀಳಲೆಂದು ಸಾಲುಸಾಲಾಗಿ ಹೆಂಚು ತೆಗೆಸಿದ್ದರು. ನಡುಮನೆ ಬಯಲಿನಂತೆ ಬೆಳಗುತ್ತಿತ್ತು. ತೊಟ್ಟಿಯಲ್ಲಿ ಸತ್ತ ಮೀನಿನ ನಾತ ಇರುತ್ತದೆಂದು ಮೂಗಿಗೆ ಟವಲು ಕಟ್ಟಿಕೊಂಡು ಹತ್ತಿರ ಹೋದ.

ನೀರು ಅರ್ಧಕ್ಕೆ ಇಳಿದಿತ್ತು. ನೇರಳೆ ಬೇರಿನ ಮೇಲೆಲ್ಲ ಬಿಸಿಲಿಗೆ ದಟ್ಟವಾದ ಹಸಿರು ಪಾಚಿ ಬೆಳೆದಿತ್ತು. ಮೀನುಗಳು ಅದನ್ನು ಕಿತ್ತು ಕಿತ್ತು ಮೇಯುತ್ತಿದ್ದವು. ಒಂದೂ ಸತ್ತಿರಲಿಲ್ಲ. ಮೊದಲಿಗಿಂತ ದಪ್ಪಗಾಗಿದ್ದವು.

ಗಂಗಾಂಬಿಕೆ ಬಂದುಹೋದ ಮೇಲೆ ಆ ಬಾಗಿಲೊಳಗೆ ಒಂದು ಕಾಳು ಹಾಕಿದವರಿರಲಿಲ್ಲ. ಮೀನುಗಳಿಗೆ ಯಾರ ಹಿಟ್ಟೂ ಬೇಕಾಗಿರಲಿಲ್ಲ. ವಿಷವಿಲ್ಲದ ಆ ಬೇರನ್ನು ಆರಿಸಿ, ಬೇಯಿಸಿ, ತೊಳೆದು ಕೊಟ್ಟಿದ್ದರಲ್ಲ, ಅಷ್ಟೇ ಸಾಕಾಗಿತ್ತು. ಅವಳು ಹೋಗಬೇಕಾಗಿಯೇ ಇರಲಿಲ್ಲ. ಈಶ್ವರಯ್ಯ ಟವಲು ಬಿಚ್ಚಿ ಮುಖಕ್ಕೆ ಒತ್ತಿಕೊಂಡು ಆ ಬಿಸಿಲಿನಲ್ಲಿ ನೆಲದ ಮೇಲೆ ಕೂತುಬಿಟ್ಟ. ಹೊಲದಲ್ಲಿ ಅಳದಿದ್ದವನು ಅಲ್ಲಿ ಗೋಳೋ ಎಂದು ಅತ್ತ.

ಸಂಜೆ ಜೋಪಡಿಗೆ ಬಂದಾಗ ಮಗಳು ಕೇಳಿದಳು, "ಬದುಕವಾ?"

"ಬದುಕವೆ."

"ಅವ್ವ ಆಕಿದ ಹಿಟ್ಟು ತಿಂದ್ಕಂಡು?"

"ಊಂ ಕಣವ್ವಾ. ಅದನ್ನೇ ತಿಂದ್ಕಂಡು."

ಆದರೆ ದಿನವಿಡೀ ಮೀನನ್ನೇ ನೋಡುವ ಹುಡುಗಿಯಿಂದ ಎಷ್ಟು ದಿನ ಮುಚ್ಚಿಡಲಾದೀತು? ಮನೆಗೆ ಮರಳಿದ ವಾರದಲ್ಲೇ ಒಂದು ಮಧ್ಯಾಹ್ನ ಅವಳು ಮಂಚದಿಂದ ಕರೆದಳು. ದನಿಯಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ಅಪ್ಪಾ, ಇವು ಪಾಚಿ ತಿಂತವೆ. ನಾನು ಎರಡು ದಿನದಿಂದ ಹಿಟ್ಟೇ ಆಕ್ಲಿಲ್ಲ. ಏನೂ ಆಗ್ಲಿಲ್ಲ ಅವಕ್ಕೆ."

ಈಶ್ವರಯ್ಯ ಬಾಗಿಲಲ್ಲಿ ನಿಂತ.

"ನಾನು ಕೇಳ್ದೇ ಇದ್ದಿದ್ರೆ ಅವ್ವ ಓಯ್ತಿರ್ಲಿಲ್ಲ."

ಒಳಗಿನಿಂದ ಗುರುಸಿದ್ದಮ್ಮ ಬಂದಳು. ಮೊಮ್ಮಗಳ ಪಕ್ಕ ಕೂತು ಗದರುವ ದನಿಯಲ್ಲೇ ಹೇಳಿದಳು, "ಬಾಯ್ಮುಚ್ಚು. ನೀನು ಕೇಳ್ದಿದ್ರೂ ಓಯ್ತಿದ್ಲು. ಅವಳು ಮದುವೆ ಆಗಿ ಬಂದಾಗಿಂದ ನಾನು ಕಂಡಿಲ್ವಾ? ನಂಗೆ ಕೆಮ್ಮು ಬಂದ್ರೆ ಅವಳು ನಿದ್ದೆ ಬಿಡೋಳು. ಬೀದಿ ನಾಯಿ ಮರಿ ಆಕಿದ್ರೆ ಗೋಣಿ ಹಾಸೋಳು. ಯಾರಾದ್ರೂ ಕೇಳಿದ್ರಾ? ಅವಳ ಜೀವ ಇದ್ದದ್ದೇ ಅಂಗೆ. ನಿನ್ ಮಾತಿಂದ ಅಲ್ಲ." ಅಷ್ಟು ಹೇಳುವಷ್ಟರಲ್ಲಿ ಮುದುಕಿಯ ದನಿ ಒಡೆಯಿತು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಕಮಲಾಕ್ಷಿ ತಾಯಿಗಾಗಿ ಬಾಯಿ ಬಿಟ್ಟು ಅತ್ತದ್ದು ಅದೇ ಮೊದಲು.

ಅತ್ತಳು, ಆದರೆ ಅಂದಿನಿಂದ ಅವಳು ಯಾರಲ್ಲೂ ಏನನ್ನೂ ಕೇಳುವುದು ನಿಂತುಹೋಯಿತು. ಬಾಯಾರಿದರೆ ಯಾರಾದರೂ ನೀರು ಬೇಕೇ ಎನ್ನುವ ತನಕ ಕಾಯುವಳು. ಹೊದಿಕೆ ಜಾರಿದರೆ ಚಳಿಯಲ್ಲೇ ಇರುವಳು. ತಟ್ಟೆಗೆ ಬಿದ್ದದ್ದನ್ನು ತಿನ್ನುವಳು, ಸಾಲದಿದ್ದರೆ ಸುಮ್ಮನಾಗುವಳು. ಏನು ಬೇಕವ್ವಾ ಎಂದರೆ "ಏನೂ ಬ್ಯಾಡ" ಎನ್ನುವಳು. ಈಶ್ವರಯ್ಯ ಅವಳ ಮುಖ ನೋಡಿ ಊಹಿಸುವುದನ್ನು ಕಲಿತ. ಗಾಜು ಕೊಯ್ಯುತ್ತ ಕೊಯ್ಯುತ್ತ ಎದ್ದು ಹೋಗಿ ನೋಡಿ ಬರುತ್ತಿದ್ದ. ಎಷ್ಟೋ ಸಲ ಊಹೆ ತಪ್ಪುತ್ತಿತ್ತು. ಅವಳು ತಪ್ಪೆಂದು ಹೇಳುತ್ತಲೂ ಇರಲಿಲ್ಲ. ಮೀನುಗಳನ್ನು ಹೊಳೆಗೆ ಬಿಟ್ಟುಬಿಡಲೇ ಎಂದು ಒಮ್ಮೆ ಕೇಳಿದ. ಅದಕ್ಕೂ ಅವಳು ಬೇಕು ಬೇಡ ಎನ್ನಲಿಲ್ಲ. ಹಾಗೇ ಇಟ್ಟುಕೊಂಡ.

ಒಂದು ಮಳೆಗಾಲ ಹೋಯಿತು, ಇನ್ನೊಂದೂ ಬಂತು. ಶ್ರಾವಣ ಸೋಮವಾರಗಳು ಮುಗಿದು ಗೌರಿ ಹಬ್ಬದ ಪಟಗಳ ಕೆಲಸ ಅಂಗಡಿಯಲ್ಲಿ ರಾಶಿ ಬಿದ್ದಿತ್ತು. ಈಶ್ವರಯ್ಯ ಒಂದು ದೊಡ್ಡ ಗಾಜಿನ ಮೇಲೆ ಗೆರೆ ಎಳೆಯುತ್ತಿದ್ದಾಗ ಒಳಗಿನಿಂದ ಮಗಳ ದನಿ ಕೇಳಿತು.

"ಅಪ್ಪಾ."

"ಏನವ್ವಾ?"

ಅವನು ಕೈ ನಿಲ್ಲಿಸಿ ಕಾದ.

"ನನ್ನ ಅಂಗಡಿ ಜಗಲಿ ಮೇಲೆ ಕೂರಿಸ್ತೀಯಾ? ರಟ್ಟು ಗಿಟ್ಟು ಕತ್ತರ್ಸಾಕೆ ಕಲಿಸ್ಕೊಡು. ಒಳಗೆ ಬ್ಯಾಸರ."

ಅರ್ಧ ಗೆರೆ ಎಳೆದ ಗಾಜನ್ನು ಈಶ್ವರಯ್ಯ ಹಾಗೇ ಬಿಟ್ಟು ಎದ್ದ. ಕೈಯ ಗಾಜಿನ ಪುಡಿಯನ್ನು ಪಂಚೆಗೆ ಒರೆಸಿಕೊಂಡ, ಒರೆಸಿಕೊಂಡದ್ದು ಸಾಲದೆಂದು ಹಿತ್ತಲಿಗೆ ಓಡಿ ತೊಳೆದುಕೊಂಡು ಬಂದ. ಆಮೇಲೆ ಅವಳನ್ನು ಎತ್ತಿಕೊಂಡು ಬೀದಿಯ ಬೆಳಕಿಗೆ ತಂದ.